ಜೀಪಿಗಿಂತ ಮೊದಲು

ಧಾರವಾಡ
೧೬ ಆಗಸ್ಟ್ ೨೦೦೭

ಚಿ. ಸೌ. ಶಾಂಭವಿಗೆ ಅವ್ವನ ಆಶೀರ್ವಾದ.

ನಿನ್ನ ಮೇಲೆ ನನಗೆ ಸಿಟ್ಟಿಲ್ಲ. ಇದನ್ನು ಮೊದಲೇ ಬರೆದೆ, ಇಲ್ಲದಿದ್ದರೆ ನೀನು ಕಾಗದವನ್ನು ಅರ್ಧಕ್ಕೆ ಮಡಚಿಡುತ್ತೀ. ಫೋನಿನಲ್ಲಿ ನಿನ್ನ ದನಿ ಕೇಳಿದರೆ ನನಗೆ ಹೇಳಬೇಕಾದದ್ದು ಹೇಳಲು ಆಗುವುದಿಲ್ಲ.

ಪಾಲಿಕೆಯ ಖರ್ಚು ಇಳಿಸುವ ಯೋಜನೆ ನಿನ್ನ ಕೈಯಲ್ಲೇ ತಯಾರಾಗಿದೆಯೆಂದು ಪೇಪರಿನಲ್ಲಿ ಓದಿದೆ. ಬರುವ ತಿಂಗಳು ನಮ್ಮ ಓಣಿಯ ಹೆರಿಗೆ ದವಾಖಾನೆಗೆ ಬೀಗ. ಆಮೇಲೆ ಹುಬ್ಬಳ್ಳಿಗೊಂದು ಧಾರವಾಡಕ್ಕೊಂದು ಇರುವ ಕಚೇರಿಗಳನ್ನು ಕೂಡಿಸುವುದು. ಸಾಹೇಬರ ಜೀಪುಗಳನ್ನು ಕಡಿಮೆ ಮಾಡುವುದು ಎಲ್ಲಕ್ಕಿಂತ ಕೊನೆಗೆ. ಎರಡು ಭಾನುವಾರ ನೀನು ಯಾಕೆ ಬರಲಿಲ್ಲ ಅನ್ನುವುದು ಆಗ ತಿಳಿಯಿತು. ಅಳಿಯಂದಿರಿಗೆ ನೆಗಡಿ ಎಂದು ನೀನು ಅಂದಿದ್ದೆ. ಅವರು ನಮ್ಮ ಪೇಟೆಯಲ್ಲೇ ಸಿಕ್ಕಿದ್ದರು, ಒಂದು ಸೀನೂ ಸೀನಲಿಲ್ಲ.

ನಿನ್ನ ಲೆಕ್ಕ ತಪ್ಪಲ್ಲ. ಆ ದವಾಖಾನೆಗೆ ಈಗ ಬರುವವರು ಕಡಿಮೆ. ಅನುಕೂಲ ಇದ್ದವರೆಲ್ಲ ಊರಾಚೆ ಸತ್ತೂರಿನ ದೊಡ್ಡ ಆಸ್ಪತ್ರೆಗೆ ಹೋಗುತ್ತಾರೆ, ನಿನ್ನ ಹೆರಿಗೆಗೆ ನಾನೂ ನಿನ್ನನ್ನು ಅಲ್ಲಿಗೇ ಕರೆದೊಯ್ದೆ. ಆದರೆ ಹಿಂದಿನ ಮನೆಯ ಸಾವಂತ್ರೆವ್ವನ ಮಗಳು ಚೊಚ್ಚಲ ಹೆರಿಗೆಗೆ ತವರಿಗೆ ಬಂದಿದ್ದಾಳೆ. ಈಗ ಎಂಟು ತಿಂಗಳು. ಸಾವಂತ್ರೆವ್ವ ಕಾಯಿಪಲ್ಲೆ ಬುಟ್ಟಿ ಇಳಿಸಿ ನಮ್ಮ ಕಟ್ಟೆಯ ಮೇಲೆ ಕುಳಿತು, “ರಾತ್ರಿ ಬ್ಯಾನಿ ಎದ್ದರ ಸತ್ತೂರಮಟಾ ಹೆಂಗ ಒಯ್ಯಲ್ರಿ, ಗೌರಕ್ಕ? ಇಲ್ಲೇ ಓಣ್ಯಾಗಾಗಿದ್ರ ನಡಕೋತನ ಕರಕೊಂಡ ಹೋಗ್ತಿದ್ನಿ” ಅಂದಳು. ಯೋಜನೆ ನಿನ್ನದೆಂದು ಆಕೆಗೆ ಗೊತ್ತು. ಆದರೂ ನಿನ್ನ ಹೆಸರು ಎತ್ತಲಿಲ್ಲ. ಅದೇ ನನಗೆ ಬಹಳ ಸಂಕಟವಾಯಿತು.

ನೀನು ನನ್ನಿಂದ ಯಾಕೆ ಮುಚ್ಚಿಟ್ಟೆ ಅನ್ನುವುದು ನನಗೆ ತಿಳಿಯದ್ದೇನಲ್ಲ. ಅವ್ವ ಕೇಳಿದರೆ ಇಲ್ಲ ಅನ್ನಲು ನಿನಗೆ ಬರುವುದಿಲ್ಲ, ಸಣ್ಣವಳಿದ್ದಾಗಿನಿಂದಲೂ ಹಾಗೇ. ತವರಿನ ಮಾತಿಗೆ ಆಫೀಸಿನ ಕೆಲಸ ತಿದ್ದಿದಳು ಅಂತ ನಾಳೆ ಯಾರೂ ನಿನ್ನತ್ತ ಬೆರಳು ತೋರಿಸಬಾರದು. ಆದ್ದರಿಂದ ನಿನ್ನ ಅವ್ವನಾಗಿ ನಾನು ಏನೂ ಕೇಳುವುದಿಲ್ಲ. ಜೀಪಿಗಿಂತ ಮೊದಲು ದವಾಖಾನೆ ಯಾಕೆ ಅನ್ನುವ ಮಾತು ಬಾಯಿಗೆ ಬಂದಿತ್ತು, ಈ ಕಾಗದ ಅದಕ್ಕೆ ಜಾಗವಲ್ಲ. ನೀನು ಮನೆಗೆ ಮಾತ್ರ ತಪ್ಪಿಸಬೇಡ. ನಿನ್ನನ್ನು ನೋಡದೆ ನನಗೆ ಹೊತ್ತು ಹೋಗುತ್ತಿಲ್ಲ.

ಇಂತಿ,
ನಿನ್ನ ಅವ್ವ

ತಾ.ಕ.: ಸೋಮವಾರ ಹನ್ನೊಂದು ಗಂಟೆಗೆ ಓಣಿಯ ಹೆಂಗಸರು ಆಯುಕ್ತರನ್ನು ಕಾಣಲು ಬರುತ್ತಿದ್ದೇವೆ. ಯೋಜನೆ ನಿನ್ನದಾದ್ದರಿಂದ ಉತ್ತರ ಹೇಳಲು ನೀನೂ ಅಲ್ಲಿರುತ್ತೀ. ಎಲ್ಲರ ಪರವಾಗಿ ಮಾತಾಡುವವಳು ನಾನೇ. ನನ್ನನ್ನು ಕಂಡು ಎದ್ದು ನಿಲ್ಲಬೇಡ, ಅವ್ವ ಅನ್ನಬೇಡ. ಬೇರೆಯವರಿಗೆ ಉತ್ತರ ಕೊಡುವಂತೆಯೇ ಕೊಡು, ನಾನೂ ಸುಲಭಕ್ಕೆ ಬಿಡುವವಳಲ್ಲ. ಶ್ರಾವಣ ಸೋಮವಾರ, ನನಗೆ ಒಪ್ಪತ್ತು. ನಿನ್ನೊಬ್ಬಳಿಗೇ ರೊಟ್ಟಿ, ಎಣಗಾಯಿ ಕಟ್ಟಿಕೊಂಡು ಬರುತ್ತೇನೆ. ಒಳಗೆ ಯಾರ ಮಾತು ನಡೆದರೂ ಸರಿ, ಆಮೇಲೆ ನನ್ನ ಎದುರಿಗೆ ಕುಳಿತು ಉಣ್ಣಬೇಕು.