ಹಳಸದ ಊಟ

ಮನೆಯಿಂದ,
ಭಾನುವಾರ ಮಧ್ಯಾಹ್ನ

ಪ್ರೀತಿಯ ಅಕ್ಕಾ,

ನಿನ್ನ ಮಂಡಿನೋವು ಹೇಗಿದೆ? ಭಾವ ಕೆಮ್ಮಿನ ಔಷಧಿ ಕುಡಿಯುತ್ತಿದ್ದಾರೋ, ಇಲ್ಲ ಎಂದಿನಂತೆ ಬಾಟಲಿಯ ಕಣ್ಣು ತಪ್ಪಿಸಿ ಓಡಾಡುತ್ತಿದ್ದಾರೋ? ನಾವು ಹೇಗೋ ಇದ್ದೇವೆ.

ಪುಟ್ಟಿಗೆ ಎರಡು ತುಂಬಿತು. ಇನ್ನೂ ಗೋಡೆ ಹಿಡಿದೇ ನಿಲ್ಲುತ್ತಾಳೆ. ಬೆಳಗ್ಗೆ ಎದ್ದು ಅನ್ನ, ಬೇಳೆ ಬೇಯಿಸಿ, ಡಬ್ಬಿಗೆ ತುಂಬಿ, ಅವಳನ್ನು ಪಕ್ಕದ ಮನೆ ಅಜ್ಜಿಯ ಹತ್ತಿರ ಬಿಟ್ಟು ನಾನು ಹೊಲಿಗೆ ಕಾರ್ಖಾನೆಗೆ ಓಡುತ್ತಿದ್ದೆ. ಶೀಟಿನ ಮನೆ, ಸುಡುವ ಬಿಸಿಲು. ಒಂದು ದಿನ ಅನ್ನ ಹಳಸಿತ್ತು. ಅಜ್ಜಿಗೆ ವಾಸನೆಯೇ ತಿಳಿಯುವುದಿಲ್ಲ, ಪಾಪ, ತಿನ್ನಿಸಿಬಿಟ್ಟಿದ್ದಾಳೆ. ವಾಂತಿ ಭೇದಿ ಹತ್ತಿ ಮಗು ಹಿಂಡಿದ ಬಟ್ಟೆಯಂತಾಯಿತು. ಅಂದಿನಿಂದ ಡಬ್ಬಿ ಬಿಟ್ಟು ಬಿಸ್ಕತ್ತಿನ ಪೊಟ್ಟಣ ಕೊಟ್ಟು ಹೋಗುತ್ತೇನೆ. ಅದು ಹಳಸುವುದಿಲ್ಲ ಅಕ್ಕಾ, ಅದೊಂದೇ ಅದರ ಗುಣ. ಈಗ ಅನ್ನ ಕಂಡರೆ ಮುಖ ತಿರುಗಿಸುತ್ತಾಳೆ. ಪೊಟ್ಟಣದ ಸದ್ದಾದರೆ ಸಾಕು, "ಅಮ್ಮಾ, ಇನ್ನಾ" ಅನ್ನುತ್ತಾಳೆ. "ನಮ್ಮನೆ ರಾಣಿಗೆ ಅಂಗಡಿ ಊಟಾನೇ ಆಗ್ಬೇಕು" ಎಂದು ಇವರು ನನ್ನನ್ನು ನಗಿಸಲು ನೋಡುತ್ತಾರೆ.

ಲಸಿಕೆ ಹಾಕುವ ನರ್ಸಮ್ಮ ತೂಕ ನೋಡಿ, "ಬಿಸ್ಕತ್ತು ಊಟಾನೇನಮ್ಮಾ? ದಿನಾ ಒಂದು ಮೊಟ್ಟೆ ಕೊಡು" ಅಂದರು. ತಲೆಯಾಡಿಸಿ ಬಂದೆ. ಮನೆಗೆ ಬರುವುದೇ ಒಂದು ಮೊಟ್ಟೆ, ಅದು ಮೂಟೆ ಹೊರುವ ಇವರಿಗೆ. ಇವರೇ "ಮಗೂಗೆ ಕೊಡೇ, ನಂಗ್ಯಾಕೆ" ಎಂದು ತಟ್ಟೆಯನ್ನು ಅವಳತ್ತ ತಳ್ಳಿದರು. ವಾರ ಕಳೆಯುವುದರೊಳಗೆ ಗೋದಾಮಿನಲ್ಲಿ ಕಣ್ಣಿಗೆ ಕತ್ತಲೆ ಕವಿದು ಮೂಟೆ ಸಮೇತ ಬಿದ್ದರು. ಒಂದು ಮೊಟ್ಟೆ ತಪ್ಪಿದ್ದಕ್ಕೆ ಮನುಷ್ಯ ಬೀಳುತ್ತಾನೆಯೇ ಅನ್ನಬಹುದು ನೀನು, ನನಗೂ ಗೊತ್ತಿಲ್ಲ. ಇವರು ಹಾಸಿಗೆ ಹಿಡಿದರೆ ಒಲೆಯೇ ಹತ್ತುವುದಿಲ್ಲ, ಅಷ್ಟು ಗೊತ್ತು. ಈಗ ಮೊಟ್ಟೆ ಮತ್ತೆ ಇವರಿಗೇ. ಸುಲಿಯುವಾಗ ಪುಟ್ಟಿ ನನ್ನ ಕೈಯನ್ನೇ ನೋಡುತ್ತಾಳೆ. ಅವಳಿಗೆ ಬೆನ್ನು ಮಾಡಿ ಕೂತು ಸುಲಿಯುತ್ತೇನೆ. ಇಂಥ ತಾಯಿಯನ್ನು ಎಲ್ಲಾದರೂ ಕಂಡಿದ್ದೀಯಾ?

ಭಾವನಿಗೆ ನನ್ನ ನಮಸ್ಕಾರ ಹೇಳು. ನೀವಿಬ್ಬರೂ ತಣ್ಣಗಿರಿ.

ನಿನ್ನ ತಂಗಿ,
ಗುಬ್ಬಿ

ಮರೆತ ಮಾತು: ಪುಟ್ಟಿ ಹುಟ್ಟಿದಾಗ ನೀನು "ನಂಗಂತೂ ಮಕ್ಕಳಿಲ್ಲ, ಇವಳನ್ನ ಕೊಟ್ಬಿಡೇ, ಸಾಕ್ಕೋತೀನಿ" ಅಂದಿದ್ದೆ. ತಮಾಷೆ ಅಂದುಕೊಂಡು ನಕ್ಕಿದ್ದೆ. ಆ ಮಾತು ಈಗಲೂ ಇದೆಯಾ? ನೀನು ಹಗಲೆಲ್ಲ ಮನೆಯಲ್ಲಿರುತ್ತೀಯ, ಬಿಸಿಬಿಸಿ ಉಣ್ಣಿಸುತ್ತೀಯ. ಇವರೂ ಹೂಂ ಅಂದಿದ್ದಾರೆ. ಆ ಮಾತು ಇದ್ದರೆ ಭಾವನನ್ನು ಬೇಗ ಕಳಿಸು. ನಾನು ಕೆಲಸಕ್ಕೆ ಹೋದ ಮೇಲೆ ಬರಲಿ.