ಮೂರನೆಯ ಕೂಗು

ದೋಣಿಕಟ್ಟೆ, ಬಾಗಲಕೋಟೆ
ಕಾರ್ತಿಕ ಬಹುಳ ಪಂಚಮಿ, ೧೯೦೭

ಪ್ರೀತಿಯ ನಮ್ಮ ಮನೆಯವರಿಗೆ,

ನಿಮ್ಮ ಲಕ್ಕವ್ವನ ನಮಸ್ಕಾರಗಳು. ಆರಾಮವಾಗಿದ್ದೀರಾ? ಜ್ವರಗಿರ ಏನೂ ಇಲ್ಲವಷ್ಟೆ? ಮುಂಬೈಯಲ್ಲಿ ಮತ್ತೆ ಪ್ಲೇಗು ಎದ್ದಿದೆಯೆಂದು ಸಂತೆಯಲ್ಲಿ ಮಾತಾಡಿಕೊಳ್ಳುತ್ತಾರೆ. ಬಂದರಿನ ಕೆಲಸದಲ್ಲಿ ಬಿಡುವು ಸಿಗುವುದಿಲ್ಲ, ಗೊತ್ತು. ಆದರೂ ನಾಗರಪಂಚಮಿಯ ನಂತರ ನಿಮ್ಮಿಂದ ಒಂದು ಕಾರ್ಡೂ ಇಲ್ಲ. ನನ್ನ ಅಕ್ಷರ ನೋಡಿ ನಗಬೇಡಿ. ಹೊಳೆಯ ಉಸುಕಿನಲ್ಲಿ ಬೆರಳು ಹಿಡಿದು ಕಲಿಸಿದವರು ನೀವೇ, ಸೊಟ್ಟಗಿದ್ದರೆ ತಪ್ಪು ನಿಮ್ಮದೇ. ನಿಮ್ಮ ಅವ್ವ ಚೆನ್ನಾಗಿದ್ದಾರೆ. ಕಿವಿ ಇನ್ನಷ್ಟು ಮಂದವಾಗಿದೆ, ಬಾಯಿ ಮಾತ್ರ ಮೊದಲಿನಷ್ಟೇ ಜೋರು.

ಹೊಳೆಗೆ ಹೊಸ ಸೇತುವೆಯಾದ ಮೇಲೆ ನಮ್ಮ ದೋಣಿಕಟ್ಟೆಯ ಕಡೆ ನರಪಿಳ್ಳೆ ಸುಳಿಯುವುದಿಲ್ಲ. ಮಹಾಪೂರದಲ್ಲಿ ನೀವು ಜೀವ ಕೈಯಲ್ಲಿ ಹಿಡಿದು ದಾಟಿಸಿದ ಜನ ಈಗ ಇತ್ತ ತಿರುಗಿಯೂ ನೋಡದೆ ಬಂಡಿ ಹೊಡೆಯುತ್ತಾರೆ. ನನಗೆ ಸಿಟ್ಟು ಬರುತ್ತದೆ. ಮೊನ್ನೆ ನಮ್ಮ ಓಣಿಯ ಹಿರಿಯರಾದ ಶಂಕ್ರಪ್ಪಕಾಕಾ ಎಲ್ಲರನ್ನೂ ಬೇವಿನ ಗಿಡದ ಕೆಳಗೆ ಕೂಡಿಸಿ, "ದೋಣಿ ನಿಂತೈತಿ ಅಂತ ಕಟ್ಟಿನೂ ಸಾಯಬೇಕೇನು?" ಎಂದರು. ಇಳಕಲ್ಲಿನ ಸೀರೆಯ ನೂಲಿಗೆ ಬಣ್ಣ ಹಾಕುವ ಬಂದೇನವಾಜ ಬಂದಿದ್ದ. "ನೂಲು ತೊಳಿಯಾಕ ಇಂಥಾ ನೀರು, ಇಂಥಾ ಹಾಸಗಲ್ಲು ಎಲ್ಲಿ ಸಿಗತಾವ್ರಿ? ನಿಮ್ಮ ಹೆಣಮಕ್ಕಳಿಗೆ ಕೆಲಸ ನಾ ಕೊಡ್ತೇನಿ" ಎಂದ. ನೀರು ಇಳಿದಾಗ ಉಸುಕಿನಲ್ಲಿ ಕಲ್ಲಂಗಡಿ ಹಾಕಬೇಕೆಂದೂ ಮಾತಾಯಿತು. ಖರೆ ಹೇಳಬೇಕೆಂದರೆ ಎಲ್ಲವೂ ನನಗೆ ಹಿಡಿಸಿತು. ಆದರೆ ನೂಲು ಒಣಹಾಕಲು ಚಪ್ಪರ ಬೇಕು, ಅದಕ್ಕೆ ಹಲಗೆ ಬೇಕು, ಹಲಗೆಗೆ ಎಲ್ಲರ ಕಣ್ಣೂ ನಮ್ಮ ದೋಣಿಯ ಮೇಲೆ ಬಿತ್ತು. "ಮಾಲಕನ ಮಾತಿಲ್ಲದ ಕೊಡಲಿ ಹಚ್ಚೂದಿಲ್ಲವಾ ಲಕ್ಕವ್ವ. ಆದ್ರ ಎಳ್ಳ ಅಮಾಸಿತನಕ ಅಷ್ಟ ಕಾಯ್ತೇವಿ" ಎಂದಿದ್ದಾರೆ ಕಾಕಾ.

ಇನ್ನೊಂದು ಸುದ್ದಿ ಬರೆಯಲೋ ಬೇಡವೋ ಎಂದು ಇಷ್ಟು ಹೊತ್ತು ಅದೂ ಇದೂ ಬರೆದೆ. ಕೆಲವು ದಿನಗಳಿಂದ ದೀಪ ಹಚ್ಚುವ ಹೊತ್ತಿಗೆ ಆಚೆ ದಂಡೆಯಿಂದ ಯಾರೋ ದೋಣಿ ಕರೆಯುತ್ತಾರೆ. ಎರಡು ಸಲ ಕೂಗಿ ಸುಮ್ಮನಾಗುತ್ತಾರೆ. ನಿಮ್ಮ ಮನೆತನದ ಪದ್ಧತಿ ನಿಮಗೆ ಗೊತ್ತೇ ಇದೆ. ಹೊತ್ತು ಮುಳುಗಿದ ಮೇಲೆ ಮೂರನೆಯ ಕೂಗು ಕೇಳುವವರೆಗೆ ಹುಟ್ಟು ಮುಟ್ಟುವಂತಿಲ್ಲ. ಜೀವವಿದ್ದವರು ದಾಟಿಸುವ ತನಕ ಕೂಗುತ್ತಾರೆ, ಸತ್ತವರಿಗೆ ಎರಡೇ ಕೂಗಿನಷ್ಟು ಉಸಿರು. ಶಂಕ್ರಪ್ಪಕಾಕಾ, ಸೇತುವೆಯಾದದ್ದು ತಿಳಿಯದ ಯಾರೋ ಪರವೂರಿನವರು ಎಂದು ನಕ್ಕರು. ಮೊದಲ ದಿನ ನಾನೂ ನಕ್ಕೆ. ಈಗ ಆ ಹೊತ್ತಿಗೆ ರೊಟ್ಟಿ ಬಡಿಯುವ ಕೈ ತಾನಾಗಿ ನಿಲ್ಲುತ್ತದೆ. ಅವ್ವ, "ಎರಡ ಕೂಗಿದ್ರ ಹೋಗಬ್ಯಾಡ. ಅದು ನಮ್ಮ ಮಂದಿ ಅಲ್ಲ" ಎಂದು ಬಾಗಿಲು ಹಾಕುತ್ತಾರೆ. ನಾನು ಬಾಗಿಲಿಗೆ ಕಿವಿಯಿಟ್ಟು ನಿಲ್ಲುತ್ತೇನೆ. ಭಾಳ ಹೆದರಿಕೆಯಾಗುತ್ತದೆ.

ಹೊತ್ತಿಗೆ ಸರಿಯಾಗಿ ಉಣ್ಣಿ. ಅವ್ವ ಆಶೀರ್ವಾದ ಹೇಳಿದ್ದಾರೆ. ಹೊಳೆಯವ್ವ ನಿಮ್ಮನ್ನು ಕಾಯಲಿ.

ನಿಮ್ಮ
ಲಕ್ಕವ್ವ

ತಾ.ಕ.: ಟಪಾಲಿನವನು ಬಾಗಿಲಲ್ಲಿ ನಿಂತಿದ್ದಾನೆ. ಅವ್ವನಿಗೆ ಕೂಗು ಮಾತ್ರ ಕೇಳುತ್ತದೆ, ದನಿಯ ಗುರುತು ಹತ್ತುವುದಿಲ್ಲ. ಆ ದನಿ ನಿಮ್ಮದು. ದೋಣಿ ಕರೆಯುವ ಕೂಗಿನ ಕೊನೆಗೆ "ಲಕ್ಕೀ" ಎನ್ನುತ್ತದೆ, ಹಾಗೆ ನನ್ನನ್ನು ಬೇರೆ ಯಾರೂ ಕರೆಯುವುದಿಲ್ಲ. ದೋಣಿಗೆ ಕೊಡಲಿ ಹಾಕಲು ನಾನು ಬಿಡುವುದಿಲ್ಲ, ಹುಟ್ಟು ಹಾಕುವುದನ್ನೂ ಕಲಿತಿದ್ದೇನೆ. ಬರುವಾಗ ಸೇತುವೆಯ ಮೇಲೆ ಬರಬೇಡಿ. ಆಚೆ ದಂಡೆಯಲ್ಲಿ ನಿಂತು ಮೂರು ಸಲ ಕೂಗಿ.