ಜೀರುಂಡೆಗಾಗಿ ಇಳಿಸಿದ ಶ್ರುತಿ

ಜೂನ್ 3, ಬೆಳಿಗ್ಗೆ

ಎಂದಿನಂತೆ ಹೊಸ ಹಾಡಿಗೆ ಜೀರುಂಡೆಯ ಪರೀಕ್ಷೆ. ಜೀರುಂಡೆ ಅಂದರೆ ನಮ್ಮ ಆರು ವರ್ಷದ ಮಗಳು; ಅವಳು ನಕ್ಕರೆ ಹಾಡು ಪಾಸು, ಆಕಳಿಸಿದರೆ ಕಸದ ಬುಟ್ಟಿಗೆ. ನಮ್ಮ ಮಕ್ಕಳ ಹಾಡಿನ ತಂಡಕ್ಕೆ ಅವಳೇ ಸೆನ್ಸಾರ್ ಬೋರ್ಡು. ಇವತ್ತು ಆಮೆಯ ಹಾಡು — ‘ಆಮೆಗೆ ಅವಸರ, ಬಸ್ಸಿಗೆ ಬೇಸರ.’ ಬಿದ್ದು ಬಿದ್ದು ನಕ್ಕಳು.

ಗಿಟಾರ್ ತಂತಿ ಬಿಗಿಮಾಡಲು ಬೆನ್ನು ತಿರುಗಿಸಿ ಅದೇ ಸಾಲು ಹಾಡಿದೆ. ಸದ್ದಿಲ್ಲ. ತಿರುಗಿದರೆ ಬೊಂಬೆಯ ತಲೆ ಬಾಚುತ್ತ ಕೂತಿದ್ದಾಳೆ. ನನ್ನ ಬಾಯಿ ಕಂಡ ಕೂಡಲೇ ಮತ್ತೆ ನಗು... ಕಿವಿಯಲ್ಲಿ ಗುಗ್ಗೆ ಕಟ್ಟಿರಬೇಕು. ಡಾಕ್ಟರ್ ಹತ್ತಿರ ಹೋಗಬೇಕು.

ಜೂನ್ 9

ಗುಗ್ಗೆಯಲ್ಲ.

“ಮೇಲಿನ ಸ್ವರಗಳು ಆಗ್ಲೇ ಹೋಗಿವೆ. ಕೆಳಗಿನವು ಸ್ವಲ್ಪ ಉಳಿದಿವೆ, ಅವೂ ಕಮ್ಮಿ ಆಗ್ತಿವೆ” ಅಂದರು ಕಿವಿ ಡಾಕ್ಟರ್. ಎಷ್ಟು ದಿನ ಎಂದೆ. “ಹೇಳಕ್ಕಾಗಲ್ಲ. ಬೇಗ.” ಕಿವಿಗೆ ಮಷೀನು ಹಾಕಿದರೆ? “ಮುಂದೆ ಮಾತು ತಿಳಿಬಹುದು. ಹಾಡಿನ ವಿಷಯ ಭರವಸೆ ಕೊಡಲ್ಲ.”

ಕಂಡವರ ಮಕ್ಕಳಿಗೆಲ್ಲ ಹಾಡುವವ ನಾನು. ನನ್ನ ಕೂಸಿಗೇ... ಬರೆಯಲಾರೆ.

ಜೂನ್ 10, ಸಂಜೆ

ಹಾಡಿನ ಶ್ರುತಿಯನ್ನು ಎರಡು ಸ್ವರದಷ್ಟು ಕೆಳಗಿಳಿಸಿ, ಬೆನ್ನು ತಿರುಗಿಸಿಕೊಂಡೇ ಹಾಡಿದೆ. ನಕ್ಕಳು! ಕೇಳಿಸಿತು ಅವಳಿಗೆ! ಹೆಂಡತಿ ಪಿಟೀಲು ಕೆಳಗಿಟ್ಟು ಬಚ್ಚಲಿಗೆ ಹೋದಳು. ನಲ್ಲಿ ಬಿಟ್ಟುಕೊಂಡು ಅತ್ತಿದ್ದು ನನಗೆ ತಿಳಿಯದೇ?

ರೆಕಾರ್ಡಿಂಗ್‌ಗಿರುವ ಹನ್ನೆರಡು ಹಾಡನ್ನೂ ಇಳಿಸುತ್ತೇನೆ. ಅವಳಿಗೆ ಕೇಳಿಸುತ್ತಿರುವಾಗಲೇ ಮುಗಿಸಬೇಕು. ಅಪ್ಪನ ದನಿ ಹೀಗಿತ್ತು ಅಂತ ನೆನಪಾದರೂ ಉಳಿಯಲಿ.

ಜೂನ್ 21

ಶಾಲೆಯೊಂದರಲ್ಲಿ ಕಾರ್ಯಕ್ರಮ. ಇಷ್ಟು ತಗ್ಗಿನ ಶ್ರುತಿ ಮಕ್ಕಳ ಗಂಟಲಿಗೆ ದಕ್ಕಲಿಲ್ಲ, ಎರಡು ಸಾಲಿಗೇ ಸುಮ್ಮನಾದವು. ಹಿಂದೆ ಕೈಕಟ್ಟಿ ನಿಂತಿದ್ದ ಅಪ್ಪಂದಿರು ಶುರುಹಚ್ಚಿಕೊಂಡರು ನೋಡಿ! ಆಮೆಯ ಹಾಡನ್ನು ಗಂಟಲು ಬಿಚ್ಚಿ ಹಾಡಿದರು. ಟೈ ಕಟ್ಟಿದವನೊಬ್ಬ ಬಂದು ಕೈಕುಲುಕಿದ. “ಮಗು ಬರೀ ನೆಪ ಸಾರ್. ಕಾರಲ್ಲಿ ಒಬ್ನೇ ಇದ್ರೂ ನಿಮ್ ಹಾಡೇ ಹಾಕ್ಕೊಳ್ಳೋದು.”

ಬೇರೆ ದಿನವಾಗಿದ್ದರೆ ಖುಷಿಗೆ ಕಾಲು ನೆಲದ ಮೇಲೆ ನಿಲ್ಲುತ್ತಿರಲಿಲ್ಲ. ಇವತ್ತು ಹೊಟ್ಟೆಕಿಚ್ಚು. ಅವನ ಮಗಳು ಮನೆಗೆ ಹೋಗಿ ಅಪ್ಪನ ಜೊತೆ ಹಾಡುತ್ತಾಳೆ. ನಮ್ಮ ಜೀರುಂಡೆ ಸ್ಪೀಕರಿಗೆ ಬೆನ್ನು ಒತ್ತಿ ಕೂತಿದ್ದಳು.

ಜುಲೈ 14, ಸ್ಟುಡಿಯೋ

“ಇನ್ನೂ ಇಳಿಸ್ತೀರಾ? ಇದೇನ್ ಮಕ್ಕಳ ಹಾಡೋ, ಎಮ್ಮೆ ಹಾಡೋ?” ಅಂದ ರೆಕಾರ್ಡಿಸ್ಟ್. ತಮಾಷೆಗೆ ಅಂದದ್ದು. ಹೆಡ್‌ಫೋನ್ ಎಸೆದು ಕೂಗಾಡಿದೆ. ಅವನಿಗೇನು ಗೊತ್ತು ಪಾಪ. ಹಿಂದಿನ ವಾರ ಕೇಳಿಸಿದ್ದು ಮಗಳಿಗೆ ಈ ವಾರ ಕೇಳಿಸುತ್ತಿಲ್ಲ. ಮುಗಿದ ಹಾಡನ್ನೇ ಮತ್ತೆ ಇಳಿಸಿ ಹಾಡುತ್ತಿದ್ದೇನೆ.

“ಸಾಕು ಕಣ್ರೀ” ಅಂದಳು ಹೆಂಡತಿ. “ನಿಮ್ ಗಂಟಲಲ್ಲಿ ಇನ್ನು ಕೆಳಗೆ ಏನೂ ಇಲ್ಲ. ಬರೀ ಗಾಳಿ ಬರ್ತಿದೆ.”

ಗಾಳಿಯಾದರೂ ಕೇಳಿಸಲಿ. ಇನ್ನೂ ಮೂರು ಹಾಡು.

ಆಗಸ್ಟ್ 2, ಮಧ್ಯಾಹ್ನ

ಹನ್ನೆರಡೂ ಮುಗಿದವು. ಹಾಕಿ ಕೇಳಿಸಲು ಧೈರ್ಯ ಬರಲಿಲ್ಲ. ಬಾಯಲ್ಲೇ ಹಾಡೋಣ ಅಂತ ಎದುರಿಗೆ ಕೂರಿಸಿಕೊಂಡೆ. ಆಮೆ ಬಸ್‌ಸ್ಟ್ಯಾಂಡ್ ಮುಟ್ಟುವಷ್ಟರಲ್ಲಿ ನನ್ನ ಬಾಯಿಗೆ ಕೈ ಅಡ್ಡ ಇಟ್ಟಳು.

“ಅಪ್ಪಾ, ಬರೀ ಬಾಯಾಡಿಸ್ತೀಯಲ್ಲ. ಹಾಡು!”

ಜೋರಾಗಿ ಹಾಡಿದೆ. ಪಕ್ಕದ ಮನೆಯವರು ಕಿಟಕಿ ಮುಚ್ಚಿಕೊಂಡರು. ಇವಳು ಬೆರಳು ತೋರಿಸಿ ಕಿಲಕಿಲ ನಗುತ್ತಿದ್ದಳು, ಅಪ್ಪ ಆಟ ಆಡಿಸುತ್ತಿದ್ದಾನೆ ಅಂತ.

ಬರೆಯಲು ಕೂತರೂ ಬಿಟ್ಟಿಲ್ಲ. ತೋಳು ಹಿಡಿದು ಎಳೆಯುತ್ತಿದ್ದಾಳೆ. “ಆಟ ಸಾಕಪ್ಪಾ. ಈಗ ನಿಜವಾಗ್ಲೂ ಹಾಡು.”

ಹೇಗೆ ಹೇಳಲಿ ಇವಳಿಗೆ, ನಾನು ಆಗಿನಿಂದಲೂ—